ಮಂದೋಚ್ಚ: ಕಕ್ಷೆಯ ಒಂದು ಬಿಂದುವಿನ ಹೆಸರು

ಭಾರತೀಯ ಖಗೋಳ ಗ್ರಂಥಗಳಲ್ಲಿ ಸೂರ್ಯನಾಗಲಿ ಚಂದ್ರನಾಗಲಿ ಭೂಮಿಯಿಂದ ಅತಿ ದೂರದಲ್ಲಿದ್ದು ಅತಿ ನಿಧಾನವಾಗಿ ಸಾಗುವ ಬಿಂದುವಿಗೆ ‘ಮಂದೋಚ್ಚ’ ಎಂದು ಹೆಸರು. ಇದರಲ್ಲಿ ‘ಉಚ್ಚ’ವು ದೂರವನ್ನೂ ‘ಮಂದ’ವು ವೇಗವನ್ನೂ ಸೂಚಿಸುವುದರಿಂದ, ಬಿಂದುವಿನ ಎರಡು ಲಕ್ಷಣಗಳೂ ಒಂದೇ ಪದದೊಳಗೆ ಅಡಕವಾಗಿವೆ. ಜಾತಕದ ‘ಉಚ್ಚ’ಕ್ಕೂ ಇದಕ್ಕೂ ಸಂಬಂಧವಿಲ್ಲ. ಜಾತಕದಲ್ಲಿ ಸೂರ್ಯನಿಗೆ ಮೇಷವು ಉಚ್ಚರಾಶಿಯಾದರೆ, ಕ್ರಿ.ಶ. 499ರ ಕಾಲಕ್ಕೆ ಆರ್ಯಭಟನು ಸೂರ್ಯನ ಮಂದೋಚ್ಚವನ್ನು 78 ಅಂಶದಲ್ಲಿ, ಅಂದರೆ ಮಿಥುನದಲ್ಲಿ ಇರಿಸುತ್ತಾನೆ.

ಸಮವೇಗದ ಎಣಿಕೆಯಿಂದ ದೊರೆಯುವ ‘ಮಧ್ಯಮ’ ಸ್ಥಾನವನ್ನು ಆಕಾಶದಲ್ಲಿ ನಿಜವಾಗಿ ಕಾಣುವ ‘ಸ್ಫುಟ’ ಸ್ಥಾನಕ್ಕೆ ತರುವಾಗ ಮಂದೋಚ್ಚದಿಂದ ಗ್ರಹಕ್ಕಿರುವ ಅಂತರವೇ ಗಣಿತಕ್ಕೆ ಆಧಾರವಾಗಿತ್ತು. ಸೂರ್ಯನ ವಿಷಯದಲ್ಲಿ ಈ ತಿದ್ದುಪಡಿ, ಎಂದರೆ ಮಂದಫಲ, ಹೆಚ್ಚೆಂದರೆ ಎರಡು ಅಂಶಕ್ಕಿಂತ ತುಸು ಹೆಚ್ಚಾಗುತ್ತದೆ. ಸೂರ್ಯಸಿದ್ಧಾಂತವು ಉಚ್ಚಗಳನ್ನು ಕಾಲದ ಅದೃಶ್ಯ ರೂಪಗಳೆಂದು ಕರೆದು, ಅವು ವಾಯುವಿನ ಹಗ್ಗಗಳಿಂದ ಗ್ರಹಗಳನ್ನು ಸೆಳೆಯುತ್ತವೆ ಎನ್ನುತ್ತದೆ. ಚಲನೆ ಏರುಪೇರಾಗುವುದಕ್ಕೆ ಕಾರಣವೊಂದು ಇರಲೇಬೇಕೆಂಬ ಆಗ್ರಹ ಈ ಕಲ್ಪನೆಯ ಹಿಂದಿರುವುದರಿಂದ ಇದನ್ನು ಬರಿಯ ಪುರಾಣವೆಂದು ತಳ್ಳಿಹಾಕುವುದು ಸರಿಯಲ್ಲ.

ಗ್ರೀಕ್ ಖಗೋಳಜ್ಞ ಟಾಲೆಮಿಯು ಕ್ರಿ.ಶ. ಎರಡನೆಯ ಶತಮಾನದಲ್ಲಿ, ತನಗಿಂತ ಸುಮಾರು ಮೂರು ಶತಮಾನ ಹಿಂದಿನ ಹಿಪಾರ್ಕಸ್‌ನ ಬೆಲೆಯನ್ನೇ ಉಳಿಸಿಕೊಂಡು, ಸೂರ್ಯನ ಈ ಬಿಂದು ವಿಷುವದಿಂದ 65½ ಅಂಶದಲ್ಲಿ ಅಚಲವಾಗಿದೆ ಎಂದು ಭಾವಿಸಿದನು. ಸೂರ್ಯಸಿದ್ಧಾಂತವಾದರೋ ಅದಕ್ಕೆ ಚಲನೆಯನ್ನು ಕೊಟ್ಟು, 432 ಕೋಟಿ ವರ್ಷಗಳ ಒಂದು ಕಲ್ಪದಲ್ಲಿ 387 ಸುತ್ತುಗಳೆಂದು ಲೆಕ್ಕ ಹಾಕಿತು. ನಕ್ಷತ್ರಗಳಿಗೆ ಸಾಪೇಕ್ಷವಾದ ನಿಜವಾದ ಚಲನೆ ಇದಕ್ಕಿಂತ ಸುಮಾರು ನೂರು ಪಟ್ಟು ವೇಗವಾದದ್ದಾದರೂ, ಬಿಂದುವು ಸರಿಯುತ್ತದೆ ಎಂಬ ತಿಳಿವೇ ದೊಡ್ಡದು. ಚಂದ್ರನ ಮಂದೋಚ್ಚದ ಬೆಲೆಯಂತೂ ಬೆರಗು ಹುಟ್ಟಿಸುವಷ್ಟು ಖಚಿತವಾಗಿದೆ: 43,20,000 ವರ್ಷಗಳ ಮಹಾಯುಗದಲ್ಲಿ 4,88,203 ಸುತ್ತುಗಳೆಂದರೆ ಒಂದು ಸುತ್ತಿಗೆ 8.85 ವರ್ಷ, ಆಧುನಿಕ ಬೆಲೆಯೂ ಅಷ್ಟೇ.

1609ರಲ್ಲಿ ಕೆಪ್ಲರ್ ಗ್ರಹಕಕ್ಷೆಯು ದೀರ್ಘವೃತ್ತವೆಂದೂ ಸೂರ್ಯನು ಅದರ ಒಂದು ನಾಭಿಯಲ್ಲಿದ್ದಾನೆಂದೂ ತೋರಿಸಿದ ಮೇಲೆ, ಸೆಳೆಯುವ ಶಕ್ತಿಯೆನಿಸಿದ್ದ ಉಚ್ಚವು ದೀರ್ಘಾಕ್ಷದ ಒಂದು ತುದಿ ಮಾತ್ರವಾಯಿತು. ಆದರೂ ಸೌರಮಾನವನ್ನು ಅನುಸರಿಸುವ ತುಳುನಾಡಿನ ತಿಂಗಳುಗಳಲ್ಲಿ ಅದರ ಪರಿಣಾಮ ಇಂದಿಗೂ ಎಣಿಕೆಗೆ ಸಿಗುತ್ತದೆ: ಸೂರ್ಯನು ಮಂದೋಚ್ಚದ ಬಳಿ ಮಿಥುನವನ್ನು ದಾಟುವ ಕಾರ್ತೆಲ್ ತಿಂಗಳಿಗೆ ಸುಮಾರು 31.6 ದಿನ ಹಿಡಿದರೆ, ಎದುರಿನ ಧನುವಿನ ಪೆರಾರ್ದೆ 29.3 ದಿನಗಳಲ್ಲೇ ಮುಗಿಯುತ್ತದೆ.