ಭಾರತದಲ್ಲಿ ಇ-ವಾಣಿಜ್ಯ

ಅಂತರಜಾಲದ ಮೂಲಕ ಸರಕು, ಸೇವೆಗಳನ್ನು ಮಾರುವ ಮತ್ತು ಕೊಳ್ಳುವ ವ್ಯವಹಾರವೇ ಇ-ವಾಣಿಜ್ಯ. ಆರ್ಡರ್ ಜಾಲದ ಮೂಲಕ ಹೋದರೆ ಸಾಕು, ಹಣವೂ ಅಲ್ಲೇ ಸಂದಾಯವಾಗಬೇಕೆಂದಿಲ್ಲ. ಮೊಬೈಲಿನಲ್ಲಿ ಸೀರೆ ಆರಿಸಿ ಮನೆ ಬಾಗಿಲಲ್ಲಿ ನೋಟು ಎಣಿಸಿ ಕೊಟ್ಟರೂ ಅದು ಇ-ವಾಣಿಜ್ಯವೇ. ಹೆಚ್ಚಿನವರ ಕಣ್ಣಿಗೆ ಬೀಳುವುದು ಇಂಥ ಖರೀದಿ. ಹಣದ ಲೆಕ್ಕದಲ್ಲಿ ಮಾತ್ರ ಇದು ಸಣ್ಣ ಪಾಲು. ವಿಶ್ವಸಂಸ್ಥೆಯ ಅಂಕ್ಟಾಡ್ ಅಂದಾಜಿನಂತೆ 2019ರಲ್ಲಿ ಜಗತ್ತಿನ ಇ-ವಾಣಿಜ್ಯದ ಮೊತ್ತ 26.7 ಲಕ್ಷ ಕೋಟಿ ಡಾಲರ್. ಅದರಲ್ಲಿ ಶೇ 82ರಷ್ಟು ನಡೆದದ್ದು ಕಂಪನಿಗಳ ನಡುವೆಯೇ. ಕಾರ್ಖಾನೆಗೆ ಬೋಲ್ಟು ಒದಗಿಸುವವರ, ಸಗಟು ಅಂಗಡಿಗೆ ಸಾಬೂನು ತಲುಪಿಸುವವರ ವಹಿವಾಟು ಗ್ರಾಹಕರ ಖರೀದಿಯ ನಾಲ್ಕು ಪಟ್ಟಿಗೂ ಮೀರಿದ್ದು.

ವೆಬ್ ಬರುವುದಕ್ಕೆ ಮೊದಲೇ ಇದರ ಬೇರುಗಳಿವೆ. ಆರ್ಡರ್, ಬಿಲ್ಲು, ಸಾಗಣೆ ಪತ್ರಗಳನ್ನು ಗಣಕದಿಂದ ಗಣಕಕ್ಕೆ ಕಳಿಸುವ ಪದ್ಧತಿ ಅಮೆರಿಕ, ಯೂರೋಪುಗಳ ದೊಡ್ಡ ಕಂಪನಿಗಳಲ್ಲಿ 1970ರ ದಶಕದಲ್ಲೇ ಇತ್ತು. 1979ರಲ್ಲಿ ಇಂಗ್ಲೆಂಡಿನ ಮೈಕೆಲ್ ಆಲ್ಡ್ರಿಚ್ ಮನೆಯ ಟಿವಿಯನ್ನು ದೂರವಾಣಿ ತಂತಿಯ ಮೂಲಕ ಗಣಕಕ್ಕೆ ಜೋಡಿಸಿ, ಕುಳಿತಲ್ಲಿಂದಲೇ ಖರೀದಿ ಮಾಡುವುದನ್ನು ತೋರಿಸಿದರು. ಅಮೆಜಾನ್ ಪುಸ್ತಕ ಮಾರಲು ತೊಡಗಿದ್ದು, ಇಬೇ ಹರಾಜು ಶುರುವಾದದ್ದು ಎರಡೂ 1995ರಲ್ಲಿ. ಅದೇ ವರ್ಷದ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಭಾರತದ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದುಕೊಟ್ಟಿತು.

ಆದರೆ ಕಾನೂನಿನ ಕಣ್ಣಿನಲ್ಲಿ ಗಣಕದ ಒಪ್ಪಂದಕ್ಕೆ ಬೆಲೆ ಬಂದದ್ದು 2000ದ ಅಕ್ಟೋಬರ್ 17ರಂದು, ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಯಾದಾಗ. ಮುಖ ನೋಡದವರೊಡನೆ ಹಣದ ವ್ಯವಹಾರ ಮಾಡುವುದನ್ನು ಭಾರತೀಯರಿಗೆ ರೂಢಿ ಮಾಡಿಸಿದ್ದು ಖಾಸಗಿ ಅಂಗಡಿಗಳಿಗಿಂತ ಹೆಚ್ಚಾಗಿ ರೈಲ್ವೆ ಎಂದರೆ ತಪ್ಪಾಗದು. ಐಆರ್‌ಸಿಟಿಸಿ 2002ರ ಆಗಸ್ಟ್‌ನಲ್ಲಿ ಆನ್‌ಲೈನ್ ಟಿಕೆಟ್ ಆರಂಭಿಸಿದಾಗ ಕಾಗದದ ಟಿಕೆಟ್ ಕೊರಿಯರ್‌ನಲ್ಲಿ ಮನೆಗೆ ಬರುತ್ತಿತ್ತು. ನಾವೇ ಮುದ್ರಿಸಿಕೊಳ್ಳುವ ಇ-ಟಿಕೆಟ್ ಬಂದದ್ದು 2005ರಲ್ಲಿ. ಮೋಸ ಹೋಗುವ ಭಯ ಕಡಿಮೆ, ರಾತ್ರಿಯೆಲ್ಲ ಕೌಂಟರಿನ ಸಾಲಿನಲ್ಲಿ ನಿಲ್ಲುವ ಸಂಕಟ ಇಲ್ಲ; ಜನ ಕಾರ್ಡಿನ ಸಂಖ್ಯೆಯನ್ನು ಪರದೆಯ ಮೇಲೆ ಟೈಪು ಮಾಡುವ ಧೈರ್ಯ ಮಾಡಿದರು.

ಖಾಸಗಿ ವ್ಯಾಪಾರದ ಕಥೆಯಲ್ಲಿ ಬೆಂಗಳೂರಿನ ಪಾಲು ದೊಡ್ಡದು. 1999ರಲ್ಲಿ ಇಲ್ಲಿ ಶುರುವಾದ ಫ್ಯಾಬ್‌ಮಾರ್ಟ್ ಕಾಲಕ್ಕಿಂತ ಮುಂದಿತ್ತು. ಆಗ ಮನೆಗಳಲ್ಲಿ ಇಂಟರ್ನೆಟ್ ಇದ್ದವರು ವಿರಳ, ಕಾರ್ಡು ಇದ್ದವರು ಇನ್ನೂ ವಿರಳ. ಅದನ್ನು ಕಟ್ಟಿದವರಲ್ಲಿ ಹಲವರು 2011ರಲ್ಲಿ ಮತ್ತೆ ಸೇರಿ ದಿನಸಿಯ ಬಿಗ್‌ಬಾಸ್ಕೆಟ್ ಆರಂಭಿಸಿದರು. ಈ ನಡುವೆ 2007ರಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಕೋರಮಂಗಲದಲ್ಲಿ ಫ್ಲಿಪ್‌ಕಾರ್ಟ್ ತೆರೆದು ಪುಸ್ತಕ ಮಾರಲು ಕೂತರು. ಅದರ ಬೆಳವಣಿಗೆಯ ತಿರುವು 2010ರಲ್ಲಿ ತಂದ ‘ಕ್ಯಾಶ್ ಆನ್ ಡೆಲಿವರಿ’. ಸರಕು ನೋಡದೆ ಹಣ ಕೊಡಲು ಜನ ಹಿಂಜರಿಯುವ ಸಮಸ್ಯೆಯನ್ನು ಚೀನಾದ ಅಲಿಬಾಬಾ ಬೇರೆ ರೀತಿ ಬಿಡಿಸಿತ್ತು: ಅದರ ಅಲಿಪೇ 2004ರಿಂದ ಕೊಳ್ಳುವವರ ಹಣವನ್ನು ತನ್ನ ಬಳಿ ಇಟ್ಟುಕೊಂಡು, ಸರಕು ಸರಿಯಾಗಿ ತಲುಪಿದ ಮೇಲೆ ಮಾರಿದವರಿಗೆ ಬಿಡುತ್ತಿತ್ತು. ನಮ್ಮಲ್ಲಿ ಗ್ರಾಹಕ ಪೊಟ್ಟಣ ಕೈಗೆ ಬರುವವರೆಗೆ ಕಾಸು ಬಿಚ್ಚಬೇಕಾಗಿರಲಿಲ್ಲ. ಅಪಾಯವೆಲ್ಲ ಕಂಪನಿಯ ತಲೆಗೆ ಬಂತು. ಬಾಗಿಲಿಗೆ ಹೋದಾಗ ‘ಬೇಡ’ ಎಂದರೆ ಹೋಗಿ ಬರುವ ಖರ್ಚು ಅದರದೇ. ಹಣ ಕೈಸೇರುವುದೂ ತಡ. ಆದರೂ ಕಾರ್ಡಿಲ್ಲದ, ಕಾರ್ಡಿದ್ದೂ ನಂಬದ ಲಕ್ಷಾಂತರ ಜನ ಮೊದಲ ಬಾರಿಗೆ ಖರೀದಿಗೆ ಬಂದದ್ದು ಈ ದಾರಿಯಲ್ಲಿ. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಫ್ಲಿಪ್‌ಕಾರ್ಟಿನ ಶೇ 77ರಷ್ಟು ಪಾಲು ಕೊಂಡಿತು.

ನಂಬಿಕೆಯ ಇನ್ನೊಂದು ಅರ್ಧ ಪಾವತಿ ವ್ಯವಸ್ಥೆಯಲ್ಲಿದೆ. ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೆಯ ಹಂತದ ದೃಢೀಕರಣ ಬೇಕೆಂದು ರಿಸರ್ವ್ ಬ್ಯಾಂಕ್ 2009ರಲ್ಲಿ ಕಡ್ಡಾಯ ಮಾಡಿತು. ಒಟಿಪಿಯ ಅಭ್ಯಾಸ ಬೆಳೆದದ್ದು ಇದರಿಂದಲೇ. 2022ರ ಅಕ್ಟೋಬರ್‌ನಿಂದ ವ್ಯಾಪಾರಿಗಳು ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ತಮ್ಮಲ್ಲಿ ಉಳಿಸಿಕೊಳ್ಳುವಂತಿಲ್ಲ, ಅದರ ಬದಲಿಗೆ ಟೋಕನ್ ಮಾತ್ರ ಇಟ್ಟುಕೊಳ್ಳಬಹುದು. ರಾಷ್ಟ್ರೀಯ ಪಾವತಿ ನಿಗಮ 2016ರಲ್ಲಿ ತಂದ ಯುಪಿಐ ಇನ್ನೂ ಆಳವಾದ ಬದಲಾವಣೆ. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಆ ಕ್ಷಣವೇ ಹೋಗುತ್ತದೆ; 2020ರ ಜನವರಿಯಿಂದ ವ್ಯಾಪಾರಿ ಅದಕ್ಕೆ ಶುಲ್ಕವನ್ನೂ ಕೊಡಬೇಕಿಲ್ಲ. 2023ರ ಆಗಸ್ಟ್ ಒಂದೇ ತಿಂಗಳಲ್ಲಿ ಯುಪಿಐ ವಹಿವಾಟುಗಳ ಸಂಖ್ಯೆ ಸಾವಿರ ಕೋಟಿ ದಾಟಿತು.

ವಿದೇಶಿ ಬಂಡವಾಳದ ವಿಚಾರದಲ್ಲಿ ಸರ್ಕಾರ ಗೆರೆ ಎಳೆದಿದೆ. ಬೇರೆಯವರು ಮಾರಲು ವೇದಿಕೆ ಒದಗಿಸುವ ಕಂಪನಿಯಲ್ಲಿ ಶೇ 100 ವಿದೇಶಿ ಹೂಡಿಕೆ ಸರಿ. ತಾನೇ ದಾಸ್ತಾನು ಇಟ್ಟು ಗ್ರಾಹಕರಿಗೆ ಮಾರುವ ಕಂಪನಿಯಲ್ಲಿ ಸಲ್ಲದು. ವೇದಿಕೆಗಳು ತಮ್ಮ ಪಾಲಿರುವ ಸಂಸ್ಥೆಗಳ ಹೆಸರಿನಲ್ಲಿ ಮಾರುತ್ತಿವೆ ಎಂಬ ದೂರು ಬಂದ ಮೇಲೆ 2019ರ ಫೆಬ್ರವರಿಯಿಂದ ಅದನ್ನೂ ನಿಷೇಧಿಸಲಾಯಿತು. ಹಾಗಾಗಿ ಆ್ಯಪಿನ ಹೆಸರು ದೊಡ್ಡದಾಗಿ ಕಂಡರೂ ಬಿಲ್ಲಿನಲ್ಲಿ ಮಾರಾಟಗಾರರಾಗಿ ಬೇರೆ ಯಾರದೋ ಹೆಸರಿರುತ್ತದೆ. ತಕರಾರು ಬಂದಾಗ ಗ್ರಾಹಕರು ಮೊದಲು ನೋಡಬೇಕಾದ ಸಾಲು ಅದು.

ಕಂಪನಿಗಳ ನಡುವಿನ ವ್ಯವಹಾರ ಸದ್ದಿಲ್ಲದೆ ಬದಲಾದದ್ದು ತೆರಿಗೆಯ ದೆಸೆಯಿಂದ. ಸರಕು ಸಾಗಿಸುವ ಮೊದಲೇ ವಿವರವನ್ನು ಆನ್‌ಲೈನಿನಲ್ಲಿ ತುಂಬಬೇಕೆಂಬ ಇ-ವೇ ಬಿಲ್ಲಿಗೆ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ‘ಇ-ಸುಗಮ’ ಮಾದರಿಯಾಗಿತ್ತು. ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ ಮೊದಲು ಜಾರಿಯಾದದ್ದು ಇಲ್ಲಿಯೇ. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಆ ಮಿತಿ ಹಂತಹಂತವಾಗಿ ಇಳಿದು 2023ರ ಆಗಸ್ಟ್‌ಗೆ 5 ಕೋಟಿಗೆ ಬಂತು. ಬಿಲ್ಲನ್ನು ಸರ್ಕಾರದ ಪೋರ್ಟಲ್ಲಿಗೆ ಕಳಿಸಿ ಸಂಖ್ಯೆ ಪಡೆಯದಿದ್ದರೆ ಕೊಂಡವರಿಗೆ ತೆರಿಗೆಯ ಲಾಭ ಸಿಗುವುದಿಲ್ಲ. ಹೀಗಾಗಿ ಒಂದು ಕಾರ್ಖಾನೆ ಗಣಕಕ್ಕೆ ಹೊರಳಿದರೆ ಅದಕ್ಕೆ ಸರಕು ಕೊಡುವವರೂ ಹೊರಳಲೇಬೇಕು. ಇಂಥ ಬಿಲ್ಲುಗಳನ್ನೇ ಆಧಾರವಾಗಿಟ್ಟು ಸಣ್ಣ ಉದ್ದಿಮೆಗಳಿಗೆ ಬೇಗ ಹಣ ಸಿಗುವಂತೆ ಮಾಡುವ ‘ಟ್ರೆಡ್ಸ್’ ವೇದಿಕೆಗಳೂ ಇವೆ.

ಸರ್ಕಾರವೇ ದೇಶದ ಅತಿ ದೊಡ್ಡ ಗಿರಾಕಿ. 2016ರ ಆಗಸ್ಟ್ 9ರಂದು ಶುರುವಾದ ಸರ್ಕಾರಿ ಇ-ಮಾರುಕಟ್ಟೆ, ಅಂದರೆ ಜೆಮ್, ಕೇಂದ್ರದ ಇಲಾಖೆಗಳು ಕುರ್ಚಿಯಿಂದ ಗಣಕದವರೆಗೆ ಕೊಳ್ಳುವ ಜಾಗ. ಹಿಂದೆ ದರ ನಿಗದಿ ಮಾಡುತ್ತಿದ್ದ ಪೂರೈಕೆ ಮತ್ತು ವಿಲೇವಾರಿ ಮಹಾನಿರ್ದೇಶನಾಲಯವನ್ನು 2017ರಲ್ಲಿ ಮುಚ್ಚಲಾಯಿತು. ಸರಕು ಒಪ್ಪಿಕೊಂಡ ಪ್ರಮಾಣಪತ್ರ ಆದ ಹತ್ತು ದಿನದೊಳಗೆ ಹಣ ಕೊಡಬೇಕೆಂಬುದು ಜೆಮ್‌ನ ನಿಯಮ. ಕರ್ನಾಟಕ ಅದಕ್ಕೂ ಮೊದಲೇ ತನ್ನ ಇ-ಟೆಂಡರ್ ವ್ಯವಸ್ಥೆ ಕಟ್ಟಿಕೊಂಡಿತ್ತು. ಟೆಂಡರ್ ಫಾರಂ ಕೊಳ್ಳಲು, ಪೆಟ್ಟಿಗೆಗೆ ಹಾಕಲು ಎದುರಾಳಿ ಗುತ್ತಿಗೆದಾರರು ಬಿಡದಿದ್ದ ದಿನಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಕೃಷಿ ಮಾರುಕಟ್ಟೆಯ ಪ್ರಯೋಗ ಇನ್ನೂ ಕುತೂಹಲದ್ದು. 2014ರಲ್ಲಿ ಕರ್ನಾಟಕ ಸರ್ಕಾರವೂ ಸರಕು ವಿನಿಮಯ ಕೇಂದ್ರವಾದ ಎನ್‌ಸಿಡಿಇಎಕ್ಸ್ ಸಮೂಹದ ಕಂಪನಿಯೂ ಸೇರಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆ ಸ್ಥಾಪಿಸಿದವು. ಎಪಿಎಂಸಿ ಗೇಟಿನಲ್ಲಿ ರೈತರ ಉತ್ಪನ್ನಕ್ಕೆ ಲಾಟ್ ಸಂಖ್ಯೆ ಬೀಳುತ್ತದೆ. ಖರೀದಿದಾರರು ಗಣಕದಲ್ಲೋ ಮೊಬೈಲಿನಲ್ಲೋ ದರ ನಮೂದಿಸುತ್ತಾರೆ. ಹೆಚ್ಚಿನ ಧಾರಣೆ ರೈತರ ಮೊಬೈಲಿಗೆ ಸಂದೇಶವಾಗಿ ಬರುತ್ತದೆ. ದರ ಒಪ್ಪಿಗೆಯಾಗದಿದ್ದರೆ ನಿರಾಕರಿಸುವ ಹಕ್ಕು ಅವರಿಗಿದೆ. ತಿಪಟೂರಿನ ಕೊಬ್ಬರಿ ಇಂಥ ಆನ್‌ಲೈನ್ ಟೆಂಡರಿನಲ್ಲೇ ಮಾರಾಟವಾಗುತ್ತದೆ. ಕೇಂದ್ರದ ಇ-ನಾಮ್ 2016ರ ಏಪ್ರಿಲ್ 14ರಂದು ಇದೇ ಹಾದಿಯಲ್ಲಿ ಹೊರಟಿತು. ವರ್ತಕರು ಒಳಗೊಳಗೇ ಮಾತಾಡಿಕೊಂಡು ಚೀಟಿಯಲ್ಲಿ ದರ ಬರೆಯುವುದಕ್ಕೆ ಇದರಿಂದ ಕಡಿವಾಣ ಬಿತ್ತು. ಆದರೆ ದೂರದೂರಿನ ವರ್ತಕರು ಕೂಗುವುದು ಇಂದಿಗೂ ಕಡಿಮೆ. ತೇವಾಂಶ, ಕಾಳಿನ ಗಾತ್ರ, ಕಸದ ಪ್ರಮಾಣವನ್ನು ನಂಬುವಂತೆ ಅಳೆದು ಹೇಳುವ ವ್ಯವಸ್ಥೆ ಎಲ್ಲ ಮಾರುಕಟ್ಟೆಯಲ್ಲೂ ಗಟ್ಟಿಯಾಗಿಲ್ಲ. ಮೂಟೆಗೆ ಕೈಹಾಕಿ ನೋಡದೆ ಲಕ್ಷಾಂತರ ರೂಪಾಯಿಯ ಮಾಲನ್ನು ಯಾರೂ ಹಿಡಿಯುವುದಿಲ್ಲ. ತಂತ್ರಾಂಶಕ್ಕಿಂತ ಮೊದಲು ಬೇಕಾದದ್ದು ಗುಣಮಟ್ಟ ಪರೀಕ್ಷೆಯ ಪ್ರಯೋಗಾಲಯ.

ಗ್ರಾಹಕರಿಗೆ ಕಾನೂನಿನ ಬಲ ಬಂದದ್ದು 2020ರ ಜುಲೈನಲ್ಲಿ ಜಾರಿಯಾದ ಗ್ರಾಹಕ ಸಂರಕ್ಷಣಾ ಕಾಯ್ದೆ ಮತ್ತು ಇ-ವಾಣಿಜ್ಯ ನಿಯಮಗಳಿಂದ. ಪ್ರತಿ ವೇದಿಕೆಗೂ ಕುಂದುಕೊರತೆ ಅಧಿಕಾರಿ ಇರಬೇಕು. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ದೋಷವಿರುವ ಅಥವಾ ಜಾಹೀರಾತಿನಂತೆ ಇಲ್ಲದ ವಸ್ತುವನ್ನು ಹಿಂಪಡೆಯಲು ಮಾರಾಟಗಾರರು ಒಲ್ಲೆ ಎನ್ನುವಂತಿಲ್ಲ. ಇದಕ್ಕಿಂತಲೂ ಮುಖ್ಯವಾದ ಬದಲಾವಣೆ, ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು ಎಂಬುದು. ರಾಯಚೂರಿನವರು ದೆಹಲಿಯ ಕಂಪನಿಯ ಮೇಲೆ ರಾಯಚೂರಿನ ಗ್ರಾಹಕ ಆಯೋಗದಲ್ಲೇ ದಾವೆ ಹಾಕಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆನ್‌ಲೈನ್ ವಂಚನೆಯಲ್ಲಿ ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ‘ಒಂದೇ ಒಂದು ಉಳಿದಿದೆ’ ಎಂದು ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಕೊನೆಯ ಹಂತದಲ್ಲಿ ಶುಲ್ಕ ಏರಿಸುವುದು ಸೇರಿದಂತೆ ಇಂಥ 13 ಕುಟಿಲ ವಿನ್ಯಾಸಗಳನ್ನು 2023ರ ನವೆಂಬರ್‌ನಲ್ಲಿ ನಿಷೇಧಿಸಲಾಯಿತು.

ಕೆಲವೇ ವೇದಿಕೆಗಳ ಹಿಡಿತವನ್ನು ಸಡಿಲಿಸಲು ಕೇಂದ್ರ ಸರ್ಕಾರದ ಬೆಂಬಲದಿಂದ 2021ರ ಕೊನೆಯಲ್ಲಿ ಒಎನ್‌ಡಿಸಿ ಹುಟ್ಟಿತು. ಯಾವ ಆ್ಯಪಿನಲ್ಲಿ ಹುಡುಕಿದರೂ ಬೇರೆ ಆ್ಯಪಿನ ಮಾರಾಟಗಾರರು ಸಿಗುವಂತೆ ಮಾಡುವ ತೆರೆದ ಜಾಲ ಇದು. 2022ರಲ್ಲಿ ಮೊದಲ ಪ್ರಯೋಗ ನಡೆದ ಐದು ಊರುಗಳಲ್ಲಿ ಬೆಂಗಳೂರೂ ಒಂದು. ಆಟೊ ಚಾಲಕರಿಂದ ಪ್ರತಿ ಬಾಡಿಗೆಗೂ ಕಮಿಷನ್ ಕೀಳದ ‘ನಮ್ಮ ಯಾತ್ರಿ’ 2023ರಲ್ಲಿ ಇದನ್ನು ಸೇರಿತು.

ಗಣಕದಲ್ಲಿ ಉಳಿಯುವ ದಾಖಲೆ ಎರಡಲಗಿನ ಕತ್ತಿ ಎಂಬುದು 2025ರ ಜುಲೈನಲ್ಲಿ ಕಂಡಿತು. ಯುಪಿಐ ಜಮೆಯ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ತರಕಾರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿದಾಗ, ಬೆಂಗಳೂರಿನ ಹಲವು ಅಂಗಡಿಗಳು ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಬೋರ್ಡು ಹಾಕಿದವು. ತೆರಿಗೆ ಇಲ್ಲದ ತರಕಾರಿ ಮಾರಿದವರಿಗೂ ನೋಟಿಸ್ ಹೋಗಿತ್ತು. ಪ್ರತಿಭಟನೆಯ ನಂತರ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಮುಖ್ಯಮಂತ್ರಿ ಭರವಸೆ ಕೊಟ್ಟರು. ಜಮೆಯಾದ ಹಣವೆಲ್ಲ ವ್ಯಾಪಾರದ್ದಲ್ಲ, ವ್ಯಾಪಾರವೆಲ್ಲ ತೆರಿಗೆಯದಲ್ಲ ಎಂಬ ವಿವೇಚನೆ ಆ ಪಟ್ಟಿ ತಯಾರಾಗುವಾಗಲೇ ಇರಬೇಕಿತ್ತು.

ಈ ವ್ಯಾಪಾರವನ್ನು ಬಿಸಿಲು ಮಳೆಯಲ್ಲಿ ಹೊತ್ತು ತಿರುಗುವ ಡೆಲಿವರಿ ಕೆಲಸಗಾರರನ್ನು ಕಂಪನಿಗಳು ನೌಕರರೆಂದು ಒಪ್ಪುವುದಿಲ್ಲ. ಪಿಎಫ್, ಇಎಸ್‌ಐ, ರಜೆ ಅವರಿಗಿಲ್ಲ. ರಾಜಸ್ಥಾನ 2023ರಲ್ಲಿ ಅವರಿಗಾಗಿ ಮೊದಲ ಕಾನೂನು ಮಾಡಿತು; 2025ರಲ್ಲಿ ಕರ್ನಾಟಕವೂ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ತಂದಿತು. ಕಾರ್ಮಿಕರಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಕಂಪನಿ ಶೇ 1ರಿಂದ 5ರವರೆಗೆ ಕಲ್ಯಾಣ ನಿಧಿಗೆ ಕಟ್ಟಬೇಕು. ಆ್ಯಪಿನಿಂದ ಯಾರನ್ನಾದರೂ ತೆಗೆದುಹಾಕುವ ಮೊದಲು 14 ದಿನಗಳ ಮುಂಚೆ ಕಾರಣ ಸಹಿತ ಲಿಖಿತ ನೋಟಿಸ್ ಕೊಡಬೇಕು.