ಝಾರನ ಅಶ್ರಫಿ: ಚಿನ್ನ ನಿಜ, ತಾರೀಖು?

ಕಳೆದ ವರ್ಷ ಜೂನ್ ತಿಂಗಳು. ಪುಣೆಯ ನಮ್ಮ ಓಣಿಯ ಒಬ್ಬ ಚಾಚಾ ಮನೆಗೆ ಬಂದು, ಕರವಸ್ತ್ರದ ಗಂಟು ಬಿಚ್ಚಿ, ಒಂದು ಸಣ್ಣ ಚಿನ್ನದ ನಾಣ್ಯವನ್ನು ನನ್ನ ಮೇಜಿನ ಮೇಲಿಟ್ಟರು. ಅವರು ವಿಜಯಪುರ ಕಡೆಯವರು, ದುಬೈಯಲ್ಲಿ ಇಪ್ಪತ್ತು ವರ್ಷ ದುಡಿದು ಬಂದವರು. ಅಲ್ಲಿದ್ದಾಗ ಜೊತೆಗಾರನೊಬ್ಬ ಊರಿಗೆ ಹೋಗುವ ಆತುರದಲ್ಲಿ ಚಿನ್ನದ ತೂಕಕ್ಕೆ ಕೊಟ್ಟ ನಾಣ್ಯವಂತೆ.

“ಮಾಸ್ತರ, ನೀವು ಇತಿಹಾಸ ಕಲಸ್ತೀರಿ. ಇದು ರೂಸಿ ಅಶ್ರಫಿ. ಫೋನಿನ್ಯಾಗ ಒಬ್ಬಾಂವ ಹನ್ನೆರಡು ಲಕ್ಷ ಕೊಡ್ತೀನಿ ಅಂದಾನ. ಖರೇನ ಏನ್ರಿ?”

ಮೊಮ್ಮಗಳ ಬಿ.ಎಡ್. ಫೀಸು ಕಟ್ಟಬೇಕಿತ್ತು. ಆ ಫೋನಿನ ಮನುಷ್ಯನಿಗೆ ‘ನೋಂದಣಿ’ ಅಂತ ಎಂಟು ಸಾವಿರ ಆಗಲೇ ಕಟ್ಟಿದ್ದರು. ಈಗ ಅವನು ‘ಸರ್ಟಿಫಿಕೇಟ್’ಗೆ ಇನ್ನೂ ಇಪ್ಪತ್ತೈದು ಸಾವಿರ ಕೇಳುತ್ತಿದ್ದ. “ಒಂದು ವಾರ ಏನೂ ಕಟ್ಟಬ್ಯಾಡ್ರಿ ಚಾಚಾ, ನಾನು ಓದಿ ಹೇಳ್ತೀನಿ” ಅಂದೆ. ಆ ವಾರ ಓದಿದ್ದು, ಆಮೇಲೆ ಓದುತ್ತಾ ಹೋದದ್ದು ಈ ಬರಹ.

ಮೊದಲು ಒಂದು ಶಬ್ದದ ಮಾತು. ರಷ್ಯನ್ ಭಾಷೆಯಲ್ಲಿ ಸರ್ಕಾರಿ ಬೊಕ್ಕಸಕ್ಕೆ ‘ಕಜ್ನಾ’ ಅನ್ನುತ್ತಾರೆ. ಅದು ನಮ್ಮ ‘ಖಜಾನೆ’ಯೇ. ಅರಬಿಯಿಂದ ಹೊರಟ ಮಾತು ಪಾರ್ಸಿ, ಉರ್ದು ದಾಟಿ ಕನ್ನಡಕ್ಕೆ ಬಂತು. ಅದೇ ಮಾತು ತುರ್ಕಿ ಭಾಷೆಗಳ ದಾರಿಯಿಂದ ಮಾಸ್ಕೋಗೆ ಹೋಯಿತು. ಮಾಸ್ಕೋದ ರಾಜಕುಮಾರರು ತಾತಾರ್ ಖಾನರಿಗೆ ಕಪ್ಪ ಕಟ್ಟುತ್ತಿದ್ದ ಕಾಲದಲ್ಲಿ, ದಿಮಿತ್ರಿ ದೋನ್‌ಸ್ಕೋಯ್ ಹೊರಡಿಸಿದ ಬೆಳ್ಳಿ ನಾಣ್ಯಗಳ ಮೇಲೆ ತೋಖ್ತಾಮಿಶ್ ಖಾನನ ಹೆಸರು ಅರಬಿ ಲಿಪಿಯಲ್ಲಿ ಇರುತ್ತಿತ್ತು. ಯಾರ ಹೆಸರು ನಾಣ್ಯದ ಮೇಲೆ ಇದೆಯೋ ಅವರದೇ ಅಧಿಕಾರ ಎಂಬುದು ಅಲ್ಲಿಯೂ ನಡೆಯುತ್ತಿದ್ದ ಪದ್ಧತಿ. ಆದರೆ ನಾಣ್ಯ ಯಾವಾಗಲೂ ನಿಜವನ್ನೇ ಹೇಳುತ್ತದೆಯೇ? ರಷ್ಯದ ಚಿನ್ನದ ನಾಣ್ಯಗಳ ಕಥೆ ಈ ಪ್ರಶ್ನೆಗೆ ಒಳ್ಳೆಯ ಪಾಠ.

ರಷ್ಯದಲ್ಲಿ ಚಿನ್ನದ ನಾಣ್ಯದ ಹೊಸ ಕಾಲ ಶುರುವಾದದ್ದು ಮಹಾ ಪೀಟರ್‌ನಿಂದ. 1701ರಲ್ಲಿ ಅವನು ‘ಚೆರ್ವೊನೆತ್ಸ್’ ಎಂಬ ನಾಣ್ಯ ಟಂಕಿಸಿದ. ತೂಕ ಸುಮಾರು 3.47 ಗ್ರಾಂ, ಅಂದರೆ ಯುರೋಪಿನ ಡುಕಾಟ್ ನಾಣ್ಯದಷ್ಟೇ. ವರ್ಷವನ್ನು ಅಂಕಿಯಲ್ಲಿ ಬರೆಯದೆ ಹಳೆಯ ಸ್ಲಾವ್ ಅಕ್ಷರಗಳಲ್ಲಿ ಬರೆಸಿದ್ದ. 1755ರಲ್ಲಿ ರಾಣಿ ಎಲಿಜಬೆತ್ 10 ರೂಬಲ್‌ನ ‘ಇಂಪೀರಿಯಲ್’ ತಂದಳು, ತೂಕ 16.57 ಗ್ರಾಂ. ಕ್ಯಾಥರೀನ್ ಕಾಲಕ್ಕೆ ಅದೇ 10 ರೂಬಲ್ 13.09 ಗ್ರಾಂಗೆ ಇಳಿಯಿತು. ಹೆಸರು ಅದೇ, ಚಿನ್ನ ಮಾತ್ರ ಕಡಿಮೆ.

ಇದೇ ಹೊತ್ತಿನಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಟಂಕಸಾಲೆಯಲ್ಲಿ ಇನ್ನೊಂದು ಕೆಲಸ ಗುಟ್ಟಾಗಿ ನಡೆಯುತ್ತಿತ್ತು. 1735ರಿಂದ 1868ರವರೆಗೆ ರಷ್ಯ ಸರ್ಕಾರ ಡಚ್ಚರ ಡುಕಾಟ್ ನಾಣ್ಯವನ್ನೇ ತಾನು ಅಚ್ಚು ಹಾಕುತ್ತಿತ್ತು! ಕವಚ ತೊಟ್ಟು, ಕೈಯಲ್ಲಿ ಬಾಣದ ಕಟ್ಟು ಹಿಡಿದು ನಿಂತ ಯೋಧನ ಚಿತ್ರ, ಡಚ್ ನಾಣ್ಯದ ಬರಹ, ಎಲ್ಲ ಹಾಗೆಯೇ. ಹೊರದೇಶದಲ್ಲಿ ಮತ್ತು ಗಡಿಗಳಲ್ಲಿ ಕಾದುತ್ತಿದ್ದ ಸೈನ್ಯಕ್ಕೆ ಸಂಬಳ ಕೊಡಬೇಕಲ್ಲ. ಡಚ್ ನಾಣ್ಯ ಎಂದರೆ ಎಲ್ಲ ಸಂತೆಯಲ್ಲೂ ನಡೆಯುತ್ತಿತ್ತು, ರಷ್ಯದ್ದಕ್ಕೆ ಅಷ್ಟು ಮರ್ಯಾದೆ ಇರಲಿಲ್ಲ. ಸರ್ಕಾರಿ ಕಾಗದಪತ್ರಗಳಲ್ಲಿ ಇದರ ಹೆಸರನ್ನೂ ಬರೆಯದೆ ‘ಗೊತ್ತಿರುವ ನಾಣ್ಯ’ ಅಂತಷ್ಟೇ ಬರೆಯುತ್ತಿದ್ದರು. ಜನ ಇದನ್ನು ‘ಅರಾಪ್ಚಿಕ್’ ಎಂದು ಕರೆದರು. ‘ಅರಾಪ್’ ಎಂದರೆ ರಷ್ಯನ್‌ನಲ್ಲಿ ಕಪ್ಪು ಮೈಬಣ್ಣದವನು, ಮೂಲ ‘ಅರಬ್’. ನಾಣ್ಯದ ಮೇಲಿನ ಯೋಧನನ್ನು ಜನ ಹಾಗೆ ತಿಳಿದುಕೊಂಡಿದ್ದರು. ಕೊನೆಗೆ ಡಚ್ಚರು ಆಕ್ಷೇಪ ಎತ್ತಿದ ಮೇಲೆ ಕೆಲಸ ನಿಂತಿತು. ಚಿನ್ನದಲ್ಲಿ ಮೋಸ ಇರಲಿಲ್ಲ, ದೇಶದ ಹೆಸರು ಮಾತ್ರ ಸುಳ್ಳು.

ಎರಡನೆಯದು ‘ನೊವೊದೆಲ್’. ಹತ್ತೊಂಬತ್ತನೇ ಶತಮಾನದಲ್ಲಿ ಶ್ರೀಮಂತ ಸಂಗ್ರಾಹಕರು ಕೇಳಿದರೆ ಸರ್ಕಾರಿ ಟಂಕಸಾಲೆಯೇ ಹಳೆಯ ಕಾಲದ ನಾಣ್ಯಗಳನ್ನು ಹೊಸದಾಗಿ ಮಾಡಿಕೊಡುತ್ತಿತ್ತು. ಕೆಲವೊಮ್ಮೆ ಹಳೆಯ ಅಚ್ಚಿನಿಂದಲೇ, ಕೆಲವೊಮ್ಮೆ ಹೊಸ ಅಚ್ಚು ಕೆತ್ತಿ. ಇದನ್ನು ನಕಲಿ ಅನ್ನಲಾಗದು, ಅಸಲಿ ಅಂತಲೂ ಅನ್ನಲಾಗದು. 1890ರ ಹೊತ್ತಿಗೆ ಇದನ್ನು ನಿಲ್ಲಿಸುವಂತೆ ಮಾಡಿದವನು ಝಾರನ ಮನೆತನದವನೇ ಆದ ಗ್ರ್ಯಾಂಡ್ ಡ್ಯೂಕ್ ಗಿಯೋರ್ಗಿ ಮಿಖಾಯ್ಲೊವಿಚ್.

ಈ ಮನುಷ್ಯನ ಬಗ್ಗೆ ಸ್ವಲ್ಪ ಹೇಳಲೇಬೇಕು. 1863ರಲ್ಲಿ ಹುಟ್ಟಿದ. ರಷ್ಯದ ನಾಣ್ಯ ಸಂಗ್ರಾಹಕರಲ್ಲಿ ಇವನಷ್ಟು ದೊಡ್ಡವರು ಇಲ್ಲ ಎನ್ನುತ್ತಾರೆ. ನಾಣ್ಯ ಕೂಡಿಹಾಕಿ ಪೆಟ್ಟಿಗೆಯಲ್ಲಿಟ್ಟು ಸುಮ್ಮನಾಗಲಿಲ್ಲ. ಟಂಕಸಾಲೆಯ ಹಳೆಯ ದಫ್ತರುಗಳನ್ನು ತೆಗೆಸಿ ಓದಿ, ಹದಿನೆಂಟು ಮತ್ತು ಹತ್ತೊಂಬತ್ತನೇ ಶತಮಾನದ ರಷ್ಯನ್ ನಾಣ್ಯಗಳ ಬಗ್ಗೆ ಸಂಪುಟದ ಮೇಲೆ ಸಂಪುಟ ಪ್ರಕಟಿಸಿದ. ಇವತ್ತಿಗೂ ಸಂಗ್ರಾಹಕರು ಅದನ್ನೇ ತೆರೆದು ನೋಡುತ್ತಾರೆ. ಕ್ರಾಂತಿಯಾದ ಮೇಲೆ, 1919ರ ಜನವರಿಯಲ್ಲಿ, ಅವನನ್ನು ಪೀಟರ್ ಅಂಡ್ ಪಾಲ್ ಕೋಟೆಯಲ್ಲಿ ಗುಂಡಿಟ್ಟು ಕೊಂದರು. ಸೇಂಟ್ ಪೀಟರ್ಸ್‌ಬರ್ಗ್ ಟಂಕಸಾಲೆ ಇರುವುದೂ ಅದೇ ಕೋಟೆಯ ಒಳಗೆ. ಅವನ ಸಂಗ್ರಹ ದೇಶ ಬಿಟ್ಟು ಕೈಯಿಂದ ಕೈಗೆ ಹೋಗಿ, ಅದರ ದೊಡ್ಡ ಭಾಗ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದೆ.

ಈಗ ಚಾಚಾ ತಂದ ನಾಣ್ಯದ ಕಾಲಕ್ಕೆ ಬರೋಣ. ಕೊನೆಯ ಝಾರ್ ಎರಡನೇ ನಿಕೋಲಸ್‌ನ ಹಣಕಾಸು ಮಂತ್ರಿ ಸೆರ್ಗೆಯ್ ವಿಟ್ಟೆ 1897ರಲ್ಲಿ ರೂಬಲ್ಲನ್ನು ಚಿನ್ನಕ್ಕೆ ಕಟ್ಟಿಹಾಕಿದ. ಒಂದು ರೂಬಲ್ ಎಂದರೆ 0.774 ಗ್ರಾಂ ಶುದ್ಧ ಚಿನ್ನ. ಅದಕ್ಕೂ ಮುಂಚೆ 12.9 ಗ್ರಾಂ ತೂಗುವ ಇಂಪೀರಿಯಲ್ ಮೇಲೆ ‘10 ರೂಬಲ್’ ಅಂತಿತ್ತು. ವಿಟ್ಟೆ ಅಷ್ಟೇ ತೂಕದ ನಾಣ್ಯದ ಮೇಲೆ ‘15 ರೂಬಲ್’ ಅಂತ ಬರೆಸಿದ, ಅರ್ಧ ಇಂಪೀರಿಯಲ್ ಮೇಲೆ ‘7 ರೂಬಲ್ 50 ಕೊಪೆಕ್’. ಕಾಗದದ ರೂಬಲ್ ಪೇಟೆಯಲ್ಲಿ ಆಗಲೇ ಅಷ್ಟು ಇಳಿದಿತ್ತು, ಅವನು ಅದನ್ನು ಒಪ್ಪಿಕೊಂಡ, ಅಷ್ಟೇ. ಈ ವಿಚಿತ್ರ ಬೆಲೆಯ ಎರಡು ನಾಣ್ಯಗಳ ಮೇಲೆ 1897 ಬಿಟ್ಟು ಬೇರೆ ವರ್ಷ ಇಲ್ಲ. ನಂತರ ನಡೆದದ್ದು 4.3 ಗ್ರಾಂನ 5 ರೂಬಲ್ ಮತ್ತು 8.6 ಗ್ರಾಂನ 10 ರೂಬಲ್.

ಅಪರೂಪ ಅನ್ನುವುದು ಇಲ್ಲೇ ಅರ್ಥವಾಗುತ್ತದೆ. 1898ರ 5 ರೂಬಲ್ ನಾಣ್ಯ 5 ಕೋಟಿಗೂ ಹೆಚ್ಚು ಅಚ್ಚಾಯಿತು. 1899ರ 10 ರೂಬಲ್ 2 ಕೋಟಿ 76 ಲಕ್ಷ. ಆದರೆ 1906ರ 10 ರೂಬಲ್ ಅಚ್ಚಾದದ್ದು ಬರೇ 10. 1907ರ 5 ರೂಬಲ್ 109. ಎಲ್ಲವೂ ಅದೇ ಚಿನ್ನ, ಅದೇ ತೂಕ, ಅದೇ ಮುಖ. ಒಂದು ಅಂಕಿಯ ವ್ಯತ್ಯಾಸದಲ್ಲಿ ಬೆಲೆ ಆಕಾಶಕ್ಕೆ ಹೋಗುತ್ತದೆ. ಹಳೆಯದು ಎಂದ ಮಾತ್ರಕ್ಕೆ, ಚಿನ್ನ ಎಂದ ಮಾತ್ರಕ್ಕೆ ಅಪರೂಪ ಆಗುವುದಿಲ್ಲ.

ಚಾಚಾ ಅವರ ನಾಣ್ಯದ ಮೇಲೆ ಇದ್ದ ವರ್ಷ 1911. ಆ ವರ್ಷ ಟಂಕಸಾಲೆ ಹೊರಡಿಸಿದ 10 ರೂಬಲ್ ಸುಮಾರು 50 ಸಾವಿರ ಮಾತ್ರ. ಕೇಳಿದರೆ ಕಡಿಮೆ ಅನ್ನಿಸುತ್ತದೆ. ನನಗೂ ಒಂದು ಕ್ಷಣ ಆಸೆಯಾಯಿತು. ಮುಂದೆ ಓದಿದಾಗ ನಿಜ ಗೊತ್ತಾಯಿತು.

1914ರಲ್ಲಿ ಮಹಾಯುದ್ಧ ಶುರುವಾದಾಗ ನೋಟು ಕೊಟ್ಟು ಚಿನ್ನ ಪಡೆಯುವುದು ನಿಂತುಹೋಯಿತು. 1918ರಲ್ಲಿ ಕಜಾನ್ ನಗರದಲ್ಲಿ ಇಟ್ಟಿದ್ದ ಖಜಾನೆಯ ಚಿನ್ನವನ್ನು ಬೊಲ್ಶೆವಿಕರ ವಿರೋಧಿಗಳು ವಶಪಡಿಸಿಕೊಂಡರು. ಸುಮಾರು 65 ಕೋಟಿ ರೂಬಲ್ ಚಿನ್ನ ಅಡ್ಮಿರಲ್ ಕೊಲ್ಚಾಕ್ ಕೈ ಸೇರಿ, 1920ರಲ್ಲಿ ಬೊಲ್ಶೆವಿಕರಿಗೆ ವಾಪಸು ಸಿಕ್ಕಿದ್ದು ಸುಮಾರು 41 ಕೋಟಿ. ಆಮೇಲೆ 1923ರಲ್ಲಿ ಸೋವಿಯತ್ ಸರ್ಕಾರ ತನ್ನದೇ ಚಿನ್ನದ ಚೆರ್ವೊನೆತ್ಸ್ ತಂದಿತು. ಅದರ ಮೇಲೆ ಝಾರ್ ಇಲ್ಲ, ಬೀಜ ಬಿತ್ತುವ ರೈತ. ತೂಕ ಅದೇ 8.6 ಗ್ರಾಂ. ಆದರೆ ಹೊರದೇಶದ ವ್ಯಾಪಾರಿಗಳು ಆ ರೈತನನ್ನು ನಂಬಲಿಲ್ಲ, ಗೊತ್ತಿದ್ದ ಝಾರನ ನಾಣ್ಯವನ್ನೇ ಕೇಳಿದರು ಎನ್ನುತ್ತಾರೆ. 1925–26ರಲ್ಲಿ ಲೆನಿನ್‌ಗ್ರಾಡ್ ಎಂದು ಹೆಸರಾಗಿದ್ದ ಅದೇ ಊರಿನ ಅದೇ ಟಂಕಸಾಲೆಯಲ್ಲಿ ಸೋವಿಯತ್ ಸರ್ಕಾರ ಝಾರನ ಮುಖದ ನಾಣ್ಯಗಳನ್ನು ಮತ್ತೆ ಅಚ್ಚು ಹಾಕಿಸಿತು: 10 ರೂಬಲ್ ಸುಮಾರು 20 ಲಕ್ಷ, 5 ರೂಬಲ್ 10 ಲಕ್ಷ. ವರ್ಷ ಮಾತ್ರ ಹಳೆಯದು, 1911ರಂಥದ್ದು. ಯಾವ ಝಾರನನ್ನು ಕೊಂದರೋ ಅವನ ಮುಖದಿಂದಲೇ ಹೊರಗಿನ ಸಾಲ ತೀರಿಸಬೇಕಾಯಿತು. ಹೀಗಾಗಿ 1911 ಎಂದು ಬರೆದಿರುವ 10 ರೂಬಲ್ ಕೈಗೆ ಬಂದರೆ ಅದು ಬಹುಪಾಲು ಹದಿನಾಲ್ಕು, ಹದಿನೈದು ವರ್ಷ ತಡವಾಗಿ ಹುಟ್ಟಿದ್ದು.

ವಾರದ ನಂತರ ಚಾಚಾ ಜೊತೆ ಪರಿಚಯದ ಅಕ್ಕಸಾಲಿಗನ ಅಂಗಡಿಗೆ ಹೋದೆ. ತೂಕ 8.6 ಗ್ರಾಂ. ಅಗಲ ಇಪ್ಪತ್ತೆರಡೂವರೆ ಮಿಲಿಮೀಟರ್. ಭೂತಗನ್ನಡಿ ಹಿಡಿದು ಅಂಚು ನೋಡಿದೆವು. ಈ ನಾಣ್ಯಗಳ ಅಂಚಿನಲ್ಲಿ ಶುದ್ಧ ಚಿನ್ನ ಎಷ್ಟಿದೆ ಎಂದು ರಷ್ಯನ್ ಅಳತೆಯಲ್ಲಿ ಬರೆದಿರುತ್ತದೆ: 1 ಜೊಲೊತ್ನಿಕ್, 78.24 ದೊಲ್ಯಾ. ಜೊತೆಗೆ ಟಂಕಸಾಲೆಯ ಅಧಿಕಾರಿಯ ಹೆಸರಿನ ಎರಡು ಅಕ್ಷರ. ಇಲ್ಲಿದ್ದದ್ದು ಎಲಿಕುಮ್ ಬಾಬಾಯಾಂಟ್ಸ್ ಎಂಬುವನದು, ಅದು ವರ್ಷಕ್ಕೆ ಹೊಂದುತ್ತದೆ. ನಕಲಿ ಮಾಡುವವರು ಸೋಲುವುದು ಹೆಚ್ಚಾಗಿ ಈ ಅಂಚಿನಲ್ಲೇ.

“ಹಂಗಾದ್ರ ಇದು ಸುಳ್ಳೇನ್ರಿ?” ಅಂದರು ಚಾಚಾ.

“ಚಿನ್ನ ಸುಳ್ಳಲ್ಲ ಚಾಚಾ. ತಾರೀಖು ಸುಳ್ಳಿರಬಹುದು. ಹನ್ನೆರಡು ಲಕ್ಷ ಮಾತ್ರ ಪೂರಾ ಸುಳ್ಳು.”

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಎಂಟು ಸಾವಿರ ಹೋಗಿದ್ದು ಹೋಯಿತು, ಇಪ್ಪತ್ತೈದು ಸಾವಿರ ಉಳಿಯಿತು. ಫೀಸಿಗೆ ಆ ಇಪ್ಪತ್ತೈದು ಸಾವಿರ ಮತ್ತು ಒಂದಿಷ್ಟು ಕೈಸಾಲ ಸೇರಿಸಿದರು. ನಾಣ್ಯ ಮಾರಲಿಲ್ಲ.

ನಮ್ಮ ಮನೆಗಳಲ್ಲಿ ಇಂಥ ನಾಣ್ಯ, ಹಳೆ ನೋಟು ಇಟ್ಟುಕೊಂಡವರು ಕಡಿಮೆ ಏನಿಲ್ಲ. ಅವರಿಗೆ ಎರಡು ಮಾತು. ಮಾರುವವನಿಂದಲೇ ಮುಂಗಡ ಶುಲ್ಕ ಕೇಳುವವನು ಖರೀದಿದಾರ ಅಲ್ಲ. ಹಳೆ ನಾಣ್ಯದ ಹೆಸರಿನಲ್ಲಿ ನಡೆಯುವ ಈ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಕೆ ಕೊಟ್ಟಿದೆ. ಇನ್ನು ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪ್ರಾಚ್ಯ ವಸ್ತು, ಅದನ್ನು ಖಾಸಗಿಯಾಗಿ ದೇಶದ ಹೊರಗೆ ಸಾಗಿಸುವಂತಿಲ್ಲ.

ವಿದ್ಯಾರ್ಥಿಗಳಿಗೆ ಒಂದೇ ಮಾತು. ನಾವು ಪರೀಕ್ಷೆಗೆ ಇಸವಿ ಬಾಯಿಪಾಠ ಮಾಡುತ್ತೇವೆ, ಮಾಡಿಸುತ್ತೇವೆ ಕೂಡ. ಆದರೆ ಚಿನ್ನದ ಮೇಲೆ ಕೊರೆದ ಇಸವಿಯೂ ತಪ್ಪಿರಬಹುದು. ಅದನ್ನು ಯಾರು ಬರೆಸಿದರು, ಯಾರ ಕೈಗೆ ಕೊಡಲು ಬರೆಸಿದರು ಅಂತ ಕೇಳಿ ನೋಡಿ. ಚಾಚಾ ಅವರ ಮೊಮ್ಮಗಳು ಈಗ ಬಿ.ಎಡ್. ಓದುತ್ತಿದ್ದಾಳೆ, ಪಾಠ ಮಾಡಿ ತೋರಿಸಬೇಕಾದ ದಿನ ಆ ನಾಣ್ಯವನ್ನೇ ತರಗತಿಗೆ ಒಯ್ದಿದ್ದಳಂತೆ.