ಎಳೆಯೋ ಬಾಗಿಲಿನ ವ್ಯಾನು

ನಮ್ಮಜ್ಜಿ ಸಮುದ್ರ ನೋಡಿದ್ದು ಎಪ್ಪತ್ತು ದಾಟಿದ ಮೇಲೆ. ಅರಸೀಕೆರೆ ಕಡೆಯ ನಮ್ಮೂರಿಂದ ಮಲ್ಪೆ ಏನೂ ಪರದೇಶವಲ್ಲ. ಬಸ್ಸಿತ್ತು, ಟಿಕೆಟ್ಟಿಗೆ ಆಗೋಷ್ಟು ದುಡ್ಡೂ ಇತ್ತು. ಆದರೂ ಅಜ್ಜಿ ಹೋಗಿರಲಿಲ್ಲ. ಕಾರಣ ಹೇಳಿದರೆ ನಗ್ತೀರೇನೋ, ಬಸ್ಸಿನ ಮೆಟ್ಟಿಲು. ಮಂಡಿನೋವಿನ ಅಜ್ಜಿಗೆ ಆ ಮೊದಲ ಮೆಟ್ಟಿಲಿಗೆ ಕಾಲೆತ್ತೋಕೆ ಆಗ್ತಿರಲಿಲ್ಲ. ಇನ್ನೊಂದು ಕಾರಣ ಅಮ್ಮನಿಗೆ ಮಾತ್ರ ಗೊತ್ತಿತ್ತು. ಗಂಟೆಗೊಂದು ಸಲ ಅಜ್ಜಿ ಇಳಿಯಬೇಕಾಗ್ತಿತ್ತು. ಬಸ್ಸು ಹಾಗೆಲ್ಲ ನಿಲ್ಲಲ್ಲ, ನಿಲ್ಲಿಸಿ ಅಂತ ಕೇಳೋದಕ್ಕೆ ನಾಚಿಕೆ ಬಿಡಲ್ಲ.

1998ರ ಬೇಸಿಗೆಯಲ್ಲಿ ದೊಡ್ಡಪ್ಪ ಪಕ್ಕದೂರಿನವರ ಒಂದು ಮಾರುತಿ ವ್ಯಾನು ಗೊತ್ತುಮಾಡಿದರು. ಬಿಳಿ ಬೋರ್ಡಿನ ಗಾಡಿ, ಬಾಡಿಗೆಗೆ ಓಡಿಸೋ ಹಾಗಿಲ್ಲ, ಆದರೆ ನಮ್ಮ ಕಡೆ ಅದನ್ನೆಲ್ಲ ಆಗ ಯಾರೂ ಕೇಳ್ತಿರಲಿಲ್ಲ. ಎಂಟು ಜನರ ವ್ಯಾನಿಗೆ ಮಕ್ಕಳೂ ಸೇರಿ ಹದಿಮೂರು ಜನ. ಎದುರುಬದುರು ಸೀಟು, ಮೇಲೆ ಕ್ಯಾರಿಯರ್‌ನಲ್ಲಿ ಜಮಖಾನ, ಬುತ್ತಿಗಂಟು, ನೀರಿನ ಕ್ಯಾನು. ಡ್ರೈವರಣ್ಣ ಪಕ್ಕದ ಬಾಗಿಲನ್ನ ಸರ್ರನೆ ಹಿಂದಕ್ಕೆಳೆದು "ಬನ್ನಿ ಅಜ್ಜಿ" ಅಂದ. ಅಜ್ಜಿ ಕಾಲೆತ್ತಿ ಒಳಗಿಟ್ಟರು, ತಲೆ ಬಗ್ಗಿಸಿದರು, ಕೂತರು. ಅಷ್ಟೇ. ಎಪ್ಪತ್ತು ವರ್ಷ ಆಗದೇ ಇದ್ದ ಕೆಲಸ.

ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದಲ್ಲಿ ನೀರುದೋಸೆ, ಚಾರ್ಮಾಡಿ ಘಾಟಿ. ಹಿಂದುಮುಂದಾಗಿ ಕೂತ ನಾವು ಹುಡುಗರೆಲ್ಲ ಘಾಟಿ ತಿರುವಲ್ಲಿ ವಾಂತಿ ಮಾಡ್ಕೊಂಡ್ವಿ. ಅಜ್ಜಿ ಹೇಳಿದಲ್ಲೆಲ್ಲ ವ್ಯಾನು ನಿಂತಿತು. ಧರ್ಮಸ್ಥಳ, ಕಾರ್ಕಳ, ಉಡುಪಿ ಮುಗಿಸಿ ಮಾರನೇ ದಿನ ಸಂಜೆ ಮಲ್ಪೆ. ಅಜ್ಜಿ ನೀರನ್ನ ಸುಮಾರು ಹೊತ್ತು ನೋಡಿ, "ಇದ್ಕೆ ಏರಿ ಎಲ್ಲೈತ್ಲಾ ಮಗಾ?" ಅಂದರು. ಕೆರೆ ನೋಡಿ ಬೆಳೆದವರು, ಏರಿ ಇಲ್ಲದ ನೀರನ್ನ ಅವರು ಕಂಡಿರಲಿಲ್ಲ. ವಾಪಸ್ ಬರುವಾಗ ಘಾಟಿ ಹತ್ತೋಕೆ ವ್ಯಾನು ಏದುಸಿರು ಬಿಟ್ಟಿತು. ಗಂಡಸರೆಲ್ಲ ಇಳಿದು ಎರಡು ತಿರುವು ನಡೆದೇ ಹತ್ತಿದರು. ತಪ್ಪು ವ್ಯಾನಿನದ್ದಲ್ಲ, ಹದಿಮೂರು ಜನರನ್ನ ತುಂಬಿದವರದ್ದು.

ಆ ಡಬ್ಬದಂಥ ಗಾಡಿ ಹಾಗೇ ಯಾಕಿತ್ತು ಅಂತ ನಾನು ಯೋಚನೆ ಮಾಡಿದ್ದು ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿ ಎಷ್ಟೋ ವರ್ಷದ ಮೇಲೆ. ಉತ್ತರ ಜಪಾನಿನ ಒಂದು ತೆರಿಗೆ ಕಾನೂನಿನಲ್ಲಿದೆ.

ಎರಡನೇ ಮಹಾಯುದ್ಧದಲ್ಲಿ ಸೋತು ಕಂಗಾಲಾಗಿದ್ದ ಜಪಾನು, ಸಾಮಾನ್ಯ ಜನಕ್ಕೂ ಅಂಗಡಿಯವರಿಗೂ ಕೈಗೆಟುಕೋ ಗಾಡಿ ಸಿಗಲಿ ಅಂತ 1949ರಲ್ಲಿ 'ಕೇ' ಅನ್ನೋ ಒಂದು ವರ್ಗ ಮಾಡಿತು. ಗಾಡಿ ಇಷ್ಟು ಉದ್ದ, ಇಷ್ಟು ಅಗಲ, ಇಂಜಿನ್ ಇಷ್ಟು ಸಿಸಿ ಒಳಗಿದ್ದರೆ ತೆರಿಗೆ ಕಮ್ಮಿ. ಮಿತಿಗಳು ಆಗಾಗ ಬದಲಾದವು. 1976ರಲ್ಲಿ ಅದು 550 ಸಿಸಿ, 3.2 ಮೀಟರ್ ಉದ್ದ, 1.4 ಮೀಟರ್ ಅಗಲಕ್ಕೆ ಬಂತು. ಈಗ ನೀವೇ ಡಿಸೈನರ್ ಅಂದ್ಕೊಳ್ಳಿ. ಉದ್ದ ಒಂದು ಇಂಚೂ ಹೆಚ್ಚಿಸೋ ಹಾಗಿಲ್ಲ, ಒಳಗೆ ಮಾತ್ರ ಜಾಸ್ತಿ ಜಾಗ ಬೇಕು. ಬಾನೆಟ್ ಇಟ್ಟರೆ ಅಷ್ಟು ಜಾಗ ದಂಡ. ಅದಕ್ಕೇ ಬಾನೆಟ್ಟನ್ನೇ ತೆಗೆದು ಇಂಜಿನ್ನನ್ನ ಮುಂದಿನ ಸೀಟಿನ ಕೆಳಗೆ ತಳ್ಳಿದರು. ಮೂತಿಯೇ ಇಲ್ಲದ ಡಬ್ಬ ಆಯ್ತು. ಇಕ್ಕಟ್ಟಾದ ಬೀದಿಯಲ್ಲಿ ಬಾಗಿಲು ಹೊರಕ್ಕೆ ತೆರೆದರೆ ಪಕ್ಕದ ಗೋಡೆಗೆ ತಾಗುತ್ತೆ, ಹಿಂದಕ್ಕೆ ಎಳೆಯೋ ಬಾಗಿಲಿಗೆ ಆ ತಾಪತ್ರಯ ಇಲ್ಲ. 1961ರಿಂದ ಸುಜುಕಿ ಮಾಡ್ತಿದ್ದ 'ಕ್ಯಾರಿ' ಈ ಜಾತಿಯ ಗಾಡಿ. 1979ರಲ್ಲಿ ಬಂದ ಅದರ ಹೊಸ ರೂಪವೇ, ಸ್ವಲ್ಪ ದೊಡ್ಡ ಇಂಜಿನ್ ಹಾಕ್ಕೊಂಡು, 1984ರಲ್ಲಿ ನಮ್ಮ ಮಾರುತಿ ವ್ಯಾನ್ ಆಗಿದ್ದು. ಮಾರುತಿ 800 ಕಾರಿನದ್ದೇ 796 ಸಿಸಿ, ಮೂರು ಸಿಲಿಂಡರಿನ ಇಂಜಿನ್. 1988ರಲ್ಲಿ ಹೆಸರು 'ಓಮ್ನಿ' ಆಯ್ತು. ನಮ್ಮೂರಲ್ಲಿ ಮಾತ್ರ ಆಮೇಲೂ ಅದು ಮಾರುತಿ ವ್ಯಾನೇ.

ಅಂದರೆ ಜಪಾನಿನ ತರಕಾರಿ ಅಂಗಡಿಯವನಿಗೆ ತೆರಿಗೆ ಉಳಿಸೋಕೆ ಯಾರೋ ಗೆರೆ ಎಳೆದ ಅಳತೆಯಲ್ಲಿ ನಮ್ಮಜ್ಜಿ ಧರ್ಮಸ್ಥಳಕ್ಕೆ ಹೋಗಿಬಂದರು.

ಅದಕ್ಕೆ ಮುಂಚೆ ಹಳ್ಳಿ ಜನಕ್ಕೆ ಏನೂ ಇರಲಿಲ್ಲ ಅಂತಲ್ಲ. ಜರ್ಮನ್ ಮೂಲದ ಮೆಟಡೋರ್ ಇತ್ತು, ಬಜಾಜ್ ಟೆಂಪೋದವರು ಮಾಡ್ತಿದ್ದದ್ದು. ಮದುವೆ ದಿಬ್ಬಣಕ್ಕೂ ಅದೇ, ಕಾಯಿ ಮೂಟೆಗೂ ಅದೇ. ನಮ್ಮಪ್ಪ ಈಗಲೂ ಎಲ್ಲಾ ವ್ಯಾನಿಗೂ ಮೆಟಡೋರ್ ಅಂತಾನೇ ಅನ್ನೋದು. ಆದರೆ ಅದು ಒಂದು ಮನೆಯ ಗಾಡಿ ಅಲ್ಲ, ಬೀದಿಗೆಲ್ಲ ಸೇರಿದ ಗಾಡಿ.

ವ್ಯಾನಿನಲ್ಲಿ ಊರೂರು ಸುತ್ತೋ ಹುಚ್ಚು ಹಚ್ಚಿದ್ದೂ ಜರ್ಮನಿಯೇ. 1947ರಲ್ಲಿ ಬೆನ್ ಪಾನ್ ಅನ್ನೋ ಡಚ್ ವ್ಯಾಪಾರಿ ಫೋಕ್ಸ್‌ವ್ಯಾಗನ್ ಕಾರ್ಖಾನೆಗೆ ಹೋದಾಗ, ಸಾಮಾನು ಸಾಗಿಸೋಕೆ ಕೆಲಸಗಾರರು ಮಾಡ್ಕೊಂಡಿದ್ದ ಒಂದು ಹಲಗೆ ಬಂಡಿ ಕಂಡ. ನೋಟ್‌ಬುಕ್ಕಿನಲ್ಲಿ ಒಂದು ಡಬ್ಬದ ಚಿತ್ರ ಗೀಚಿದ. 1950ರಲ್ಲಿ ಅದು ಗಾಡಿಯಾಗಿ ಬಂತು. ಮುಂದೆ ಅದರೊಳಗೇ ಹಾಸಿಗೆ, ಒಲೆ ಇಟ್ಟುಕೊಂಡು ಹಿಪ್ಪಿಗಳು ಯೂರೋಪಿನಿಂದ ಇರಾನ್, ಅಫ್ಘಾನಿಸ್ತಾನ ದಾಟಿ ಗೋವಾದ ತನಕ ಬಂದರು. 1979ರಲ್ಲಿ ಇರಾನಿನ ಕ್ರಾಂತಿ, ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ್ದು, ಎರಡೂ ಸೇರಿ ಆ ದಾರಿಯನ್ನ ಮುಚ್ಚಿದವು.

ಅಮೆರಿಕದ ಕತೆ ಬೇರೆ. ಅಲ್ಲಿ ಜಾಗಕ್ಕೆ ಬರ ಇರಲಿಲ್ಲ, ಗಾಡಿಗಳೇ ಒಂದೋ ತೀರಾ ದೊಡ್ಡವು, ಇಲ್ಲಾ ತೀರಾ ಕುಳ್ಳು. ದೊಡ್ಡ ವ್ಯಾನು ಮನೆ ಗ್ಯಾರೇಜಿನೊಳಗೆ ಹೋಗ್ತಿರಲಿಲ್ಲ. ಸ್ಟೇಷನ್ ವ್ಯಾಗನ್ನಿನಲ್ಲಿ ತಗ್ಗಿ ಕೂರಬೇಕು, ಹಿಂದಿನ ಚಕ್ರಕ್ಕೆ ಹೋಗೋ ಶಾಫ್ಟಿನಿಂದಾಗಿ ನಡುವೆ ನೆಲ ಉಬ್ಬಿರ್ತಿತ್ತು. ಇವೆರಡರ ನಡುವೆ ಒಂದು ಗಾಡಿ ಬೇಕು ಅಂತ ಹಾಲ್ ಸ್ಪರ್ಲಿಕ್ ಅನ್ನೋ ಇಂಜಿನಿಯರ್ ಫೋರ್ಡ್ ಕಂಪನಿಯಲ್ಲಿದ್ದಾಗಲೇ ಹಟ ಹಿಡಿದಿದ್ದ. ಅಲ್ಲಿ ನಡೀಲಿಲ್ಲ. ಅವನೂ ಹೊರಗೆ ಬಿದ್ದ. 1978ರಲ್ಲಿ ಅವನ ಮೇಲಧಿಕಾರಿಯಾಗಿದ್ದ ಲೀ ಅಯಕೋಕನನ್ನೂ ಫೋರ್ಡ್ ಮನೆಗೆ ಕಳಿಸಿತು. ಇಬ್ಬರೂ ಸೇರಿಕೊಂಡಿದ್ದು ಕ್ರೈಸ್ಲರ್ ಕಂಪನಿಗೆ. ಅದೋ ಮುಳುಗೋ ಹಡಗು, ಸರ್ಕಾರ 150 ಕೋಟಿ ಡಾಲರ್ ಸಾಲಕ್ಕೆ ಜಾಮೀನು ನಿಲ್ಲಬೇಕಾಯ್ತು. ಆ ಸಾಲ ತೀರಿಸಿದ್ದು ಮಿನಿವ್ಯಾನ್ ದುಡ್ಡಿಂದ ಅಂತ ತುಂಬಾ ಜನ ನಂಬಿದ್ದಾರೆ. ಹಾಗಲ್ಲ. ಸಾಲ ತೀರಿದ್ದು 1983ರ ಆಗಸ್ಟ್‌ನಲ್ಲಿ. ಮೊದಲ ಮಿನಿವ್ಯಾನು ಕೆನಡಾದ ವಿಂಡ್ಸರ್ ಕಾರ್ಖಾನೆಯಿಂದ ಹೊರಬಂದದ್ದು ಅದೇ ವರ್ಷ ನವೆಂಬರ್‌ನಲ್ಲಿ. ಅಂದರೆ ನಮ್ಮ ಮಾರುತಿ ವ್ಯಾನು ಬರೋ ಹಿಂದಿನ ವರ್ಷ.

ಇಂಜಿನಿಯರ್ ಆಗಿ ನನಗೆ ಖುಷಿ ಕೊಡೋದು ಅದನ್ನ ಅಳೆದ ರೀತಿ. ಎತ್ತರ ನಿರ್ಧಾರ ಮಾಡಿದ್ದು ಮನೆಯ ಗ್ಯಾರೇಜಿನ ಬಾಗಿಲು. ಇಂಜಿನ್ ಶಕ್ತಿಯನ್ನ ಮುಂದಿನ ಚಕ್ರಕ್ಕೇ ಕೊಟ್ಟಿದ್ದರಿಂದ ನೆಲದಡಿಯ ಶಾಫ್ಟೇ ಇಲ್ಲ, ಹಾಗಾಗಿ ನೆಲ ತಗ್ಗಿತು, ಚಪ್ಪಟೆಯಾಯ್ತು. ನೆಲ ತಗ್ಗಿದ್ದರಿಂದ ಹೆಂಗಸರು, ಮಕ್ಕಳು, ವಯಸ್ಸಾದವರು ಸಲೀಸಾಗಿ ಹತ್ತಬಹುದು. ಹಿಂದಿನ ಸೀಟು ತೆಗೆದರೆ 4 ಅಡಿ ಅಗಲ, 8 ಅಡಿ ಉದ್ದದ ಪ್ಲೈವುಡ್ ಹಲಗೆ ಮಲಗಿಸಬಹುದು. ಹಲಗೆ ಮಲಗೋ ಕಡೆ ಮನುಷ್ಯರೂ ಮಲಗಬಹುದು ತಾನೇ? ಜನ ಹಾಸಿಗೆ ಹಾಕ್ಕೊಂಡು ಕಾಡು, ಕೆರೆ ಅಂತ ಹೊರಟರು. ಒಂದು ತಮಾಷೆ ಏನಂದ್ರೆ ಅದಕ್ಕೆ ಎಳೆಯೋ ಬಾಗಿಲು ಇದ್ದದ್ದು ಒಂದೇ ಕಡೆ. ಡ್ರೈವರ್ ಕಡೆಗೂ ಅಂಥದ್ದೊಂದು ಇಡೋಕೆ ಅವರಿಗೆ 1995 ಆಯ್ತು. ಅಜ್ಜಿ ಹತ್ತಿದ ವ್ಯಾನಿಗೆ ಎರಡೂ ಕಡೆ ಇತ್ತು.

ಆನ್‌ಸೈಟ್ ಅಂತ ಕೆಲವು ತಿಂಗಳು ನ್ಯೂಜೆರ್ಸಿಯಲ್ಲಿದ್ದಾಗ ಈ ಕ್ರೈಸ್ಲರ್ ವಂಶದ ಒಂದು ವ್ಯಾನನ್ನ ನಾನೂ ಓಡಿಸಿದೆ. ಊರಿಂದ ಮಕ್ಕಳನ್ನ ನೋಡೋಕೆ ಬಂದಿದ್ದ ಇಬ್ಬರು ಸಹೋದ್ಯೋಗಿಗಳ ಅಪ್ಪಅಮ್ಮಂದಿರನ್ನ ಕೂರಿಸಿಕೊಂಡು ವರ್ಜೀನಿಯಾದ ಶೆನಂಡೋವಾ ಕಾಡಿಗೆ. ಅಲ್ಲಿಯ ಸ್ಕೈಲೈನ್ ಡ್ರೈವ್ ಬೆಟ್ಟದ ನೆತ್ತಿಯ ಮೇಲೇ ಸಾಗೋ 105 ಮೈಲಿ ದಾರಿ, ಗಂಟೆಗೆ 35 ಮೈಲಿಗಿಂತ ಜೋರಾಗಿ ಹೋಗಂಗಿಲ್ಲ. ಆ ನಿಧಾನಕ್ಕೆ ವ್ಯಾನೇ ಸರಿ. ಹಿಂದಿನ ಸೀಟು ನೆಲದೊಳಗೆ ಮಡಚಿ ಹಾಕಿದ್ವಿ, ಹಿಂಬಾಗಿಲು ಮೇಲಕ್ಕೆತ್ತಿದರೆ ಅದೇ ನೆರಳು. ಹಾಸನದ ಕಡೆಯ ಆ ಅಮ್ಮ ಅಲ್ಲೇ ಕೂತು ಎಲ್ಲರಿಗೂ ಚಿತ್ರಾನ್ನ ಬಡಿಸಿದರು. ಅವರೂ ಗಂಟೆಗೊಂದು ಸಲ ನಿಲ್ಲಿಸಪ್ಪಾ ಅಂದರು. ನಿಲ್ಲಿಸೋಕೆ ಜಾಗ ದಾರಿಯುದ್ದಕ್ಕೂ ಇತ್ತು.

ಇಷ್ಟೆಲ್ಲ ಉಪಯೋಗಕ್ಕೆ ಬಂದ ಗಾಡಿಗೆ ಮರ್ಯಾದೆ ಮಾತ್ರ ಸಿಗಲಿಲ್ಲ. ಅಮೆರಿಕದಲ್ಲಿ 2000ರ ಸುಮಾರಿಗೆ ವರ್ಷಕ್ಕೆ 13 ಲಕ್ಷಕ್ಕೂ ಮೇಲೆ ಮಿನಿವ್ಯಾನ್ ಮಾರಾಟ ಆಗ್ತಿದ್ದವು, ಆಮೇಲೆ ಇಳಿಯಿತು. ಮಕ್ಕಳನ್ನ ಆಟಕ್ಕೆ ಬಿಟ್ಟುಬರೋ ಅಮ್ಮಂದಿರ ಗಾಡಿ ಅಂತ ಹೆಸರು ಬಿತ್ತು. ಅದೇ ಜನ, ಅದೇ ಮಕ್ಕಳು, ಅದೇ ಸಾಮಾನು, ಎತ್ತರದ ಎಸ್‌ಯುವಿಗೆ ಹೋದರು. ನಮ್ಮಲ್ಲೂ ಅಷ್ಟೇ. ಸಿನಿಮಾದಲ್ಲಿ ಕಿಡ್ನಾಪ್ ಅಂದರೆ ಓಮ್ನಿ. ಹೀರೋ ಎಂದಾದ್ರೂ ಓಮ್ನಿಯಲ್ಲಿ ಬಂದಿಳಿದಿದ್ದಾನಾ ನೆನಪು ಮಾಡ್ಕೊಳ್ಳಿ. ಇದು ನನ್ನ ಅನುಮಾನ ಅಷ್ಟೇ: ಓಡಿಸೋರಿಗೋಸ್ಕರ ಮಾಡಿದ ಗಾಡಿ ಬಗ್ಗೆ ಜಂಬ ಬರುತ್ತೆ, ಕೂರೋರಿಗೋಸ್ಕರ ಮಾಡಿದ್ದರ ಬಗ್ಗೆ ಬರಲ್ಲ. ಕೊಳ್ಳೋದು ಓಡಿಸೋರು.

ಸಾಹಸಕ್ಕೆ ಫೋರ್ ಬೈ ಫೋರ್ ಬೇಕು ಅನ್ನೋ ಗೆಳೆಯರಿದ್ದಾರೆ. ಬೇಕಾಗೋ ಜಾಗ ಇವೆ, ಇಲ್ಲ ಅನ್ನಲ್ಲ. ಆದರೆ ಜೋಗಕ್ಕೋ ಕೆಮ್ಮಣ್ಣುಗುಂಡಿಗೋ ಹೋದಾಗ ಒಂದು ಕಾಲದಲ್ಲಿ ಅಲ್ಲಿ ನಿಂತಿರ್ತಿದ್ದ ಗಾಡಿಗಳನ್ನ ನೆನೆಸ್ಕೊಳ್ಳಿ. ಕೆಸರಲ್ಲಿ ಹೂತರೆ ನಾಲ್ಕು ಜನ ತಳ್ಳಿದರೆ ಬರ್ತಿತ್ತು, ಖಾಲಿ ಗಾಡಿ 800 ಕೆಜಿಯೂ ಇರ್ತಿರಲಿಲ್ಲ. ತಳ್ಳೋಕೆ ಜನ ಹೇಗೂ ಒಳಗೇ ಇರ್ತಿದ್ದರು.

ಹಾಗಂತ ಓಮ್ನಿ ಹೋಗಿದ್ದಕ್ಕೆ ಅಳ್ತಾ ಕೂರೋನು ನಾನಲ್ಲ. ಬಾನೆಟ್ ಇಲ್ಲ ಅಂದರೆ ಡ್ರೈವರ್ ಮಂಡಿಗೂ ಎದುರಿಂದ ಬರೋ ಲಾರಿಗೂ ನಡುವೆ ಇರೋದು ಒಂದು ತಗಡು. ಜಾಗ ಉಳಿಸಿದ ಆ ಜಾಣತನದ ಬೆಲೆ ಅದು. ಮುಂದಿನಿಂದ, ಪಕ್ಕದಿಂದ ಡಿಕ್ಕಿ ಹೊಡೆಸಿ ನೋಡೋ ಪರೀಕ್ಷೆ ನಮ್ಮ ದೇಶದಲ್ಲಿ ಹೊಸ ಮಾಡೆಲ್‌ಗಳಿಗೆ 2017ರ ಅಕ್ಟೋಬರ್‌ನಿಂದ, ಹಳೆಯವಕ್ಕೆ 2019ರ ಅಕ್ಟೋಬರ್‌ನಿಂದ ಕಡ್ಡಾಯ ಆಯ್ತು. ಓಮ್ನಿ 2019ರಲ್ಲೇ ನಿಂತಿತು, 35 ವರ್ಷ ಓಡಿದ ಮೇಲೆ. ಅಡುಗೆ ಮನೆಯ ಗ್ಯಾಸ್ ಸಿಲಿಂಡರನ್ನೇ ಕದ್ದುಮುಚ್ಚಿ ಅದರೊಳಗಿಟ್ಟು, ಮೇಲೆ ಶಾಲೆ ಮಕ್ಕಳನ್ನ ತುಂಬಿಸಿಕೊಂಡು ಹೋಗ್ತಿದ್ದ ಗಾಡಿಗಳೂ ಆ 35 ವರ್ಷದಲ್ಲಿ ಸೇರಿವೆ. ಈಗ ಆ ಜಾಗದಲ್ಲಿ ಈಕೋ ಇದೆ, 2010ರಲ್ಲಿ ಬಂದದ್ದು. ಅದಕ್ಕೆ ಚೂರು ಮೂತಿ ಇದೆ, ಎಳೆಯೋ ಬಾಗಿಲೂ ಉಳಿದಿದೆ.

ಮನೆಮಂದಿಯೆಲ್ಲ ಹೋಗೋ ಗಾಡಿ ಅಂದರೆ ಈಗಿನವರಿಗೆ ಇನ್ನೋವಾ. ಅದರ ಬೇರು ಇಂಡೋನೇಷ್ಯಾದಲ್ಲಿದೆ. 1977ರಲ್ಲಿ ಟೊಯೋಟಾ ಅಲ್ಲಿ ಕಿಜಾಂಗ್ ಅನ್ನೋ ಗಟ್ಟಿ, ಸರಳ ಗಾಡಿ ಶುರುಮಾಡಿತು. ಆ ಭಾಷೆಯಲ್ಲಿ ಕಿಜಾಂಗ್ ಅಂದರೆ ನಮ್ಮ ಮಲೆನಾಡಿನ ಕಾಡುಕುರಿಯ ಜಾತಿಯ ಪ್ರಾಣಿ. ಅದೇ ಕಾಡುಕುರಿ 2000ದಲ್ಲಿ ಕ್ವಾಲಿಸ್ ಅಂತ ಬಿಡದಿಯಲ್ಲಿ ತಯಾರಾಗಿ, ಬೆಂಗಳೂರಿನ ಕಾಲ್ ಸೆಂಟರ್ ಹುಡುಗ ಹುಡುಗಿಯರನ್ನ ರಾತ್ರಿಯೆಲ್ಲ ಹೊತ್ತು ತಿರುಗಿತು. 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು. ಒಳ್ಳೇ ಗಾಡಿಗಳೇ, ಆದರೆ ಬಾಗಿಲು ಮಾಮೂಲಿ, ಮೆಟ್ಟಿಲು ಎತ್ತರ.

ಈ ಮೆಟ್ಟಿಲ ವಿಚಾರ ಮತ್ತೆ ಶುರುವಾಗಿದ್ದು ಈ ವರ್ಷ, ನಾನು ಕಾರು ತಗೊಳ್ಳೋಕೆ ಹೊರಟಾಗ. ಮನೇಲಿ ಎಲ್ಲರಿಗೂ ಎಸ್‌ಯುವಿ ಬೇಕು, ಸುಳ್ಳು ಯಾಕೆ, ನನಗೂ ಬೇಕು. ಒಂದು ಶೋರೂಮಿಗೆ ಅಮ್ಮನನ್ನೂ ಕರ್ಕೊಂಡು ಹೋಗಿದ್ದೆ. ಅಮ್ಮನಿಗೀಗ ಅಜ್ಜಿಯದೇ ಮಂಡಿ. ಸೇಲ್ಸ್ ಹುಡುಗ "ಅಮ್ಮಾ, ಈ ಹಿಡಿಕೆ ಹಿಡ್ಕೊಂಡು ಹತ್ತಿ" ಅಂದ. ಅಮ್ಮ ಹಿಡ್ಕೊಂಡರು, ಒಂದು ಕಾಲೆತ್ತಿದರು, ಇಳಿಸಿದರು. "ನೀವು ನೋಡಿ, ನಾನಿಲ್ಲೇ ಕೂತಿರ್ತೀನಿ" ಅಂತ ಕುರ್ಚಿ ಕಡೆ ಹೋದರು.

ಅವತ್ತು ರಾತ್ರಿ ಎಕ್ಸೆಲ್ ಶೀಟ್ ಮಾಡಿ ಕೂತೆ, ನಮ್ಮ ಕಸುಬಿನವರ ರೋಗ ಅದು. ಗ್ರೌಂಡ್ ಕ್ಲಿಯರೆನ್ಸ್ ಎಷ್ಟು ಅಂತ ಎಲ್ಲಾ ಕಂಪನಿಯವರೂ ದಪ್ಪಕ್ಷರದಲ್ಲಿ ಹಾಕಿದ್ದಾರೆ. ಒಳಗೆ ಕಾಲಿಡೋ ಹೊಸ್ತಿಲು ನೆಲದಿಂದ ಎಷ್ಟೆತ್ತರ ಅಂತ ನಾನು ತೆರೆದ ಒಂದು ಬ್ರೋಷರ್‌ನಲ್ಲೂ ಸಿಗಲಿಲ್ಲ. ಅದಕ್ಕೇ ಈಗ ನಾನೇ ಅಳೀತಿದ್ದೀನಿ, ಬಡಗಿಗಳ ಟೇಪು ಹಿಡ್ಕೊಂಡು. ಮನೆಯ ಜಗುಲಿ ಮೆಟ್ಟಿಲನ್ನ ಅಮ್ಮ ಸಲೀಸಾಗಿ ಹತ್ತುತ್ತಾರೆ, ಅದನ್ನ ಮೊದಲು ಅಳೆದು ಬರ್ಕೊಂಡಿದ್ದೀನಿ. ಇಲ್ಲೀವರೆಗೆ ಐದು ಗಾಡಿ ಆಗಿದೆ, ಒಂದೂ ಜಗುಲಿಗೆ ಸಮ ಬಂದಿಲ್ಲ. ಶನಿವಾರ ಇನ್ನೆರಡು ಶೋರೂಮಿಗೆ ಹೋಗೋದಿದೆ. ಟೇಪು ಅಮ್ಮನ ವ್ಯಾನಿಟಿ ಬ್ಯಾಗಲ್ಲೇ ಇದೆ.